ಮಕ್ಕಳ ಅಂಜಿಕೆಯೂ ಸಂಗಡಿಗರ ಅಭಯವೂ

(ಶ್ರೀಮಠದ ಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಪಾಠಶಾಲೆಯ ಪಂಡಿತರು ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಶಾಸ್ತ್ರವಿಷಯವಾಗಿ ಏನಾದರೂ ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಷಟ್‌ಸ್ಥಲದ ವಿಚಾರವನ್ನಾಗಲಿ ಅಷ್ಟಾವರಣದ ವಿಚಾರವನ್ನಾಗಲಿ ಹೇಳುವುದಕ್ಕೆ ನನಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಬಿಜಯಮಾಡಿರುವರು. ಮೂವತ್ತು ವರ್ಷಗಳಿಂದ ನಾನು ಹತ್ತಿರದಿಂದ ಬಲ್ಲುದು ಹುಡುಗರನ್ನು. ಆದಕಾರಣ ಹುಡುಗರ ವಿಷಯವಾಗಿಯೇ, ಅದರಲ್ಲಿಯೂ ಅವರ ಅಂಜಿಕೆಯ ವಿಷಯವಾಗಿ, ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ಇದೇನು ಶಾಸ್ತ್ರವಿಷಯವೇ ಎಂದು ಯಾರಾದರೂ ಕೇಳಬಹುದು. ಪಾಣಿನಿ ಮಹರ್ಷಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಕಾರಕಪ್ರಕರಣದಲ್ಲಿ ಹೆದರುವುದು ಎಂಬರ್ಥದ ಧಾತುಗಳನ್ನೂ ಕಾಪಾಡುವುದು ಎಂಬರ್ಥದ ಧಾತುಗಳನ್ನೂ ಒಂದೇ ಸೂತ್ರದಲ್ಲಿ ಹಿಡಿದಿರುವನು. ಯಾವುದರ ದೆಸೆಯಿಂದ ಹೆದರಿಕೆ ಹುಟ್ಟುವುದೋ ಅದು ಅಪಾದಾನ; ಅದಕ್ಕೆ ಪಂಚಮೀ ವಿಭಕ್ತಿ. ಕಳ್ಳನ ದೆಸೆಯಿಂದ ಒಬ್ಬನು ಹೆದರುವನು, ಕಳ್ಳನ ದೆಸೆಯಿಂದ ಒಬ್ಬನು ಕಾಪಾಡುವನು, ಎರಡಕ್ಕೂ ನಿಯಮ ಒಂದೇ. ವೈಯಾಕರಣರಿಗೆ ಇದು ಲಾಘವದ ಮಾತು. ನನಗೆ ಮಾತ್ರ ಈ ಸೂತ್ರವನ್ನು ಪಾಠ ಹೇಳುವಾಗಲೆಲ್ಲಾ, ಹೆದರುವವನ ಸುದ್ದಿ ಬಂದೆಡೆಯಲ್ಲಿ ಕಾಯುವವನ ಸುದ್ದಿಯೂ ಬಂದೇ ತೀರಬೇಕೆಂದು ಮುನಿಯು ಬಗೆದನೋ ಎಂದು ತೋರುವುದುಂಟು. ನಮ್ಮ ಕನ್ನಡದ ಜಾಯಮಾನವೇ ಬೇರೆ. ನಾವು ಹುಲಿಗೆ ಹೆದರಿದನು, ಕತ್ತಲೆಗೆ ಹೆದರಿದನು ಎನ್ನುವೆವು. ದಾನವನ್ನು ಕೊಡುವಾಗ ಯಾವ ವಿಭಕ್ತಿಯೋ ಹೆದರುವಾಗಲೂ ಅದೇ ವಿಭಕ್ತಿ. ಹೆದರಿದ ಕೂಸು ತನ್ನನ್ನೇ ಆ ಕತ್ತಲೆಗೆ ಕೊಟ್ಟುಬಿಡುವುದೆಂದು ನಮ್ಮ ಹಿಂದಿನವರು ಕಂಡಿದ್ದರೋ ಏನೋ! ಇದು ವ್ಯಾಕರಣವಲ್ಲ, ನನ್ನ ಊಹೆ, ವಿದ್ವಾಂಸರು ಕ್ಷಮಿಸಬೇಕು.

ಇನ್ನು ಭರತಮುನಿಯ ಮಾತು. ಭಯವೆಂಬ ಭಾವವು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸೇರಿದುದೆಂದು ನಾಟ್ಯಶಾಸ್ತ್ರದಲ್ಲಿ ಹೇಳಿದೆ. ಇದನ್ನು ನಾನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆನು. ಅಷ್ಟೇ ಅಲ್ಲ, ನಂಬಿಯೂ ಇದ್ದೆನು. ನಾಟಕದ ಪಾತ್ರಗಳಿಗೆ ಹೇಳಿದ ಮಾತನ್ನು ಮನೆಯ ಮಕ್ಕಳಿಗೆ ಹಚ್ಚಿದುದರಿಂದ ಏನಾಯಿತೆಂಬುದನ್ನು ಈಗ ಹೇಳುವೆನು. ಇದು ನನ್ನ ತಪ್ಪಿನ ಕಥೆಯಾಗಿರುವುದರಿಂದ ಈ ಸಭೆಯಲ್ಲಿ ಹೇಳಲು ನಾಲಿಗೆ ಹಿಂಜರಿಯುತ್ತಿದೆ. ಆದರೂ ಮಕ್ಕಳನ್ನು ಮಠಕ್ಕೆ ಒಪ್ಪಿಸಿರುವ ತಾಯಿತಂದೆಗಳು ಇಷ್ಟು ಮಂದಿ ಒಂದೆಡೆ ಸೇರುವ ದಿನ ಮತ್ತೆ ಬಾರದು.

ಈಗ್ಗೆ ಮೂವತ್ತು ವರ್ಷಗಳ ಹಿಂದಿನ ಮಾತು. ವಿದ್ವತ್ ಪರೀಕ್ಷೆಯನ್ನು ಮುಗಿಸಿ ಬಂದ ನಾನು ಕೆಳಗಿನ ತರಗತಿಯವರಿಗೆ ಶಬ್ದ, ಧಾತು, ಅಮರ ಇವುಗಳನ್ನು ಹೇಳಿಕೊಡುತ್ತಲೂ ಪ್ರಸಾದನಿಲಯದ ಹುಡುಗರನ್ನು ನೋಡಿಕೊಳ್ಳುತ್ತಲೂ ಇದ್ದೆನು. ಆ ವರ್ಷ ಬಂದ ಹುಡುಗರಲ್ಲಿ ಒಬ್ಬನಿಗೆ ಎಂಟೋ ಒಂಬತ್ತೋ ವಯಸ್ಸು. ತಂದೆಯಿಲ್ಲ. ಕೂಲಿ ಮಾಡುವ ತಾಯಿಯು ತಂದು ಬಿಟ್ಟು ಹೋಗಿದ್ದಳು. ಹುಡುಗನ ಬುದ್ಧಿ ಚುರುಕು. ಶಬ್ದಮಂಜರಿಯನ್ನು ಒಂದು ತಿಂಗಳಲ್ಲಿ ಅರ್ಧ ಒಪ್ಪಿಸಿದನು. ಆದರೆ ದಿನ ಬೆಳಗಾದರೆ ಅವನ ಹಾಸಿಗೆ ಒದ್ದೆಯಾಗಿರುತ್ತಿತ್ತು.

ಮೊದಲು ಗದರಿಸಿದೆನು. ಆಮೇಲೆ, ನಾಚಿಕೆಯಾದರೆ ತಾನಾಗಿ ಬಿಡುವನೆಂದು ಬಗೆದು, ಆ ಹಾಸಿಗೆಯನ್ನು ಅವನ ತಲೆಯ ಮೇಲೆಯೇ ಹೊರಿಸಿ ಎಲ್ಲ ಹುಡುಗರ ಎದುರಿಗೆ ಅಂಗಳವನ್ನು ದಾಟಿಸಿ ಒಣಹಾಕಿಸಿದೆನು. ಒಂದು ದಿನವಲ್ಲ, ಎರಡು ದಿನವಲ್ಲ, ಹದಿನೈದು ದಿನ. ಉಳಿದ ಹುಡುಗರು ಅವನಿಗೊಂದು ಅಡ್ಡಹೆಸರಿಟ್ಟರು. ಆ ಹೆಸರನ್ನು ನಾನು ಕೇಳಿಯೂ ಕೇಳದವನಂತೆ ಇದ್ದೆನು. ಅದೂ ಔಷಧದ ಒಂದು ಭಾಗವೆಂದೇ ನನ್ನ ಎಣಿಕೆಯಾಗಿತ್ತು.

ಹುಡುಗನು ರಾತ್ರಿಯ ಮಜ್ಜಿಗೆಯನ್ನು ಬಿಟ್ಟನು. ಕೆಲವು ದಿನಗಳಲ್ಲಿ ಸಾಯಂಕಾಲದಿಂದ ನೀರು ಕುಡಿಯುವುದನ್ನೇ ಬಿಟ್ಟನು. ಪಂಕ್ತಿಯ ಕೊನೆಯಲ್ಲಿ ಕುಳಿತು ಅರ್ಧ ಪ್ರಸಾದವನ್ನು ಪಕ್ಕದವನಿಗೆ ಸರಿಸುತ್ತಿದ್ದನು. ಇದಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ. ದಾಸೋಹದ ಮನೆಯಲ್ಲಿ ಬಡಿಸುತ್ತಿದ್ದ ಮುದುಕರೊಬ್ಬರ ಕಣ್ಣಿಗೆ ಬಿದ್ದಿತು. ಅಮರಕೋಶದಲ್ಲಿ ಭಯಕ್ಕೆ ಆರು ಹೆಸರುಗಳಿರುವುದನ್ನು ಬಲ್ಲ ಪಂಡಿತನಿಗೆ ಕಾಣದ ಭಯವು ಓಲೆಯ ಹೆಸರೂ ಅರಿಯದ ಅವರಿಗೆ ಕಂಡಿತು. ಅವರು ಹೋಗಿ ಅಂದಿನ ಹಿರಿಯ ಶ್ರೀಗಳಲ್ಲಿ ಅರಿಕೆ ಮಾಡಿದರು.

ಶ್ರೀಗಳವರು ಹುಡುಗನನ್ನು ಕರೆಸಲಿಲ್ಲ, ನನ್ನನ್ನು ಕರೆಸಿದರು.

"ಪಂಡಿತರೇ, ನಿಲಯದ ಹಿಂಬಾಗಿಲಿನಿಂದ ಶೌಚಗೃಹದವರೆಗೆ ರಾತ್ರಿಯ ಹೊತ್ತು ದೀಪವಿಲ್ಲದೆ ನಡೆದಿರುವಿರಾ?"

"ಇಲ್ಲ, ಬುದ್ಧಿ."

"ಇಂದು ನಡೆದು ಬನ್ನಿರಿ. ನಾಳೆ ಮಾತನಾಡೋಣ."

ಆ ಹಾದಿ ನೂರೈವತ್ತು ಹೆಜ್ಜೆಗಳಿಗಿಂತ ಹೆಚ್ಚಿರಲಾರದು. ಬಾವಿಯ ಪಕ್ಕದಿಂದ ಹೊರಟು, ಹಿಂದಿನ ಗುರುಗಳ ಗದ್ದುಗೆಯ ಹಿಂಗೋಡೆಗೆ ತಗುಲಿಕೊಂಡು, ಒಂದು ಹುಣಿಸೆಯ ಮರದ ಕೆಳಗೆ ಹಾಯ್ದು ಹೋಗುತ್ತಿತ್ತು. ಹಗಲು ನೂರು ಸಲ ನಡೆದ ಹಾದಿ. ಆ ರಾತ್ರಿ ವಿದ್ಯುತ್ತು ಹೋಗಿತ್ತು. ಆಗ ದಿನವೂ ಹೋಗುತ್ತಿದ್ದಿತು. ಗದ್ದುಗೆಯ ಮೂಲೆಯವರೆಗೆ ಚೆನ್ನಾಗಿಯೇ ಹೋದೆನು. ಅಷ್ಟರಲ್ಲಿ ಎಲ್ಲಿಯೋ ಒಂದು ಒಣಗಿದ ತೆಂಗಿನ ಗರಿಯು ಸರಕ್ಕನೆ ಜಾರಿ ನೆಲಕ್ಕೆ ಬಿದ್ದಿತು. ಮರುಕ್ಷಣದಲ್ಲಿ ನಾನು ಹಿಂಬಾಗಿಲಿನ ಹೊಸ್ತಿಲ ಮೇಲೆ ನಿಂತಿದ್ದೆನು. ಹೇಗೆ ಬಂದೆನೆಂಬುದು ನನಗೆ ಇಂದಿಗೂ ತಿಳಿಯದು. ಸಿದ್ಧಾಂತಕೌಮುದಿಯನ್ನು ಮುಗಿಸಿದ ಇಪ್ಪತ್ತೈದು ವರ್ಷದ ಗಂಡಸು!

ಮರುದಿನ ಇದನ್ನು ಮರೆಮಾಚದೆ ಅರಿಕೆ ಮಾಡಿದೆನು. ಶ್ರೀಗಳವರು ನಗಲಿಲ್ಲ. "ಗದ್ದುಗೆಯ ವಿಷಯವಾಗಿ ಆ ಕೂಸಿಗೆ ಯಾರು ಏನು ಹೇಳಿದ್ದಾರೆ, ವಿಚಾರಿಸಿರಿ" ಎಂದು ಅಪ್ಪಣೆ ಕೊಡಿಸಿದರು. ವಿಚಾರಿಸಲಾಗಿ, ಹದಿನಾಲ್ಕು ವರ್ಷದ ಹುಡುಗನೊಬ್ಬನು ಹೊಸಬರಿಗೆಲ್ಲಾ, ಅಮಾವಾಸ್ಯೆಯ ರಾತ್ರಿ ಗದ್ದುಗೆಯ ಹಿಂದೆ ಬಿಳಿಯ ವಸ್ತ್ರದವರೊಬ್ಬರು ಕುಳಿತಿರುವರೆಂದೂ, ಹೆಸರು ಹಿಡಿದು ಕರೆಯುವರೆಂದೂ, ತಿರುಗಿ ನೋಡಿದವನ ಕಥೆ ಮುಗಿಯಿತೆಂದೂ ಹೇಳಿ ಇಟ್ಟಿದ್ದನು. ಹಗಲು ನಾವು ಹೂವೇರಿಸಿ ಕೈಮುಗಿಯುವ ಠಾವು ಇರುಳು ಮಗುವಿಗೆ ಯಮಲೋಕವಾಗಿದ್ದಿತು. ಅವನನ್ನು ದಂಡಿಸಬೇಕೆಂದು ನಾನು ಬೆತ್ತವನ್ನು ತೆಗೆದುಕೊಂಡೇ ಹೋಗಿದ್ದೆನು. ಶ್ರೀಗಳವರು, "ಬಿತ್ತಿದವನೇ ಕಳೆ ಕೀಳಲಿ" ಎಂದು, ದೊಡ್ಡ ಹುಡುಗನು ಚಿಕ್ಕವನನ್ನು ಪ್ರತಿರಾತ್ರಿಯೂ ಕರೆದುಕೊಂಡು ಹೋಗಿ ಬರುವಂತೆ ಕಟ್ಟುಮಾಡಿದರು. ಬೆತ್ತವನ್ನು ಅಲ್ಲಿಯೇ ಇಟ್ಟುಹೋಗುವಂತೆ ನನಗೆ ಹೇಳಿದರು. ಹಾಸಿಗೆಯನ್ನು ಇನ್ನುಮುಂದೆ ಒಣಹಾಕತಕ್ಕವನು ನಾನು, ಹುಡುಗರು ಏಳುವ ಮುಂಚೆ.

ಮೊದಲ ದಿನಗಳಲ್ಲಿ ಲಾಟೀನು ದೊಡ್ಡವನ ಕೈಯಲ್ಲಿ, ಚಿಕ್ಕವನ ಕೈಯೂ ದೊಡ್ಡವನ ಕೈಯಲ್ಲಿ. ಆದರೂ ಗದ್ದುಗೆಯ ಮೂಲೆ ಬಂದರೆ ಚಿಕ್ಕವನ ಕಾಲು ಏಳದು. ಆಗ ದೊಡ್ಡವನು ಏನು ಹೇಳಿದನೆಂಬುದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆನು. "ಆ ಕಥೆ ಸುಳ್ಳು ಮರಿ, ನಾನೇ ಕಟ್ಟಿದ್ದು. ಆದರೂ ನನಗೂ ಇಲ್ಲಿ ಹೆದರಿಕೆಯಾಗುತ್ತದೆ. ಅದಕ್ಕೇ ನಿನ್ನ ಕೈ ಹಿಡಿದುಕೊಂಡಿದ್ದೇನೆ. ಬಾ." ನನಗೆ ಗೊತ್ತಿದ್ದ ಯಾವ ಗ್ರಂಥದಲ್ಲಿಯೂ ಇಂತಹ ಉಪದೇಶವಿರಲಿಲ್ಲ. ಹೆದರಬೇಡವೆಂದು ನಾನು ನೂರು ಸಲ ಹೇಳಿದ್ದೆನು. ನಾನೂ ಹೆದರುವೆನು, ಆದರೂ ನಡೆಯುವೆನು, ಎಂದು ಹೇಳಿದವನು ಅವನೊಬ್ಬನೇ. ಅಂದು ಆ ಮೂಲೆಯನ್ನು ಇಬ್ಬರೂ ದಾಟಿದರು.

ಹತ್ತು ಹನ್ನೆರಡು ದಿನಗಳ ಮೇಲೆ ಲಾಟೀನು ಚಿಕ್ಕವನ ಕೈಗೆ ಬಂದಿತು. ಆಮೇಲೆ ದೊಡ್ಡವನು ಎರಡು ಹೆಜ್ಜೆ ಹಿಂದೆ ನಡೆಯತೊಡಗಿದನು. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕುಳಿತು ಪಂಚಾಕ್ಷರಿಯನ್ನು ಗಟ್ಟಿಯಾಗಿ ಹೇಳುತ್ತಿರುವನು, ಚಿಕ್ಕವನು ಆ ದನಿಯು ಕಿವಿಗೆ ಬೀಳುವಷ್ಟು ದೂರವೂ ಒಬ್ಬನೇ ಹೋಗುವನು. ಇವುಗಳಲ್ಲಿ ಯಾವುದನ್ನೂ ನಾನು ಹೇಳಿಕೊಡಲಿಲ್ಲ. ಇತರ ಹುಡುಗರಿಗೂ ಇದೊಂದು ಆಟದಂತಾಗಿ, ಇಂದು ಎಲ್ಲಿಯವರೆಗೆ ಹೋದನೆಂದು ಬೆಳಗ್ಗೆ ಕೇಳತೊಡಗಿದರು. ಅಡ್ಡಹೆಸರು ತಾನಾಗಿ ಬಿದ್ದುಹೋಯಿತು. ನಡುವೆ ಒಂದು ರಾತ್ರಿ ಮಠದ ಬೆಕ್ಕು ಗೋಡೆಯಿಂದ ಅವನ ಕಾಲ ಮುಂದೆ ಹಾರಿತು. ಅಂದಿಗೆ ಗಳಿಸಿದುದೆಲ್ಲಾ ಹೋಯಿತು. ಮತ್ತೆ ಕೈ ಹಿಡಿದುಕೊಂಡು ಮೊದಲಿನಿಂದ. ದೊಡ್ಡವನು ಬೇಸರಿಸದೆ ಇದ್ದುದೇ ದೊಡ್ಡದು. ಶ್ರಾವಣದಲ್ಲಿ ತೊಡಗಿದ ಕೆಲಸವು ಕಾರ್ತಿಕದ ದೀಪೋತ್ಸವದ ವೇಳೆಗೆ ಮುಗಿದಿತ್ತು. ಹಾಸಿಗೆ ಒದ್ದೆಯಾಗುವುದು ನಿಂತು ಒಂದು ತಿಂಗಳಾಗಿತ್ತು. ಹಾಸಿಗೆ ಒದ್ದೆಮಾಡುವ ಮಕ್ಕಳೆಲ್ಲರೂ ಹೆದರಿಕೆಯಿಂದಲೇ ಹಾಗೆ ಮಾಡುವರೆಂದು ಯಾರೂ ತಿಳಿಯಬಾರದು. ದೇಹದ ಆ ಹಿಡಿತವು ಕೆಲವರಿಗೆ ತಡವಾಗಿ ಬರುವುದೆಂದು ವೈದ್ಯರು ಹೇಳುವರು. ಎರಡರಲ್ಲಿಯೂ ಬೈಗುಳದಿಂದ ಪ್ರಯೋಜನವಿಲ್ಲವು.

ಇಷ್ಟು ವರ್ಷಗಳ ಮೇಲೆ, ಮನಶ್ಶಾಸ್ತ್ರವನ್ನು ಓದಿಬಂದ ನಮ್ಮ ಹಳೆಯ ಶಿಷ್ಯರೊಬ್ಬರಿಗೆ ಈ ಸಂಗತಿಯನ್ನು ಹೇಳಿದಾಗ ಅವರು ಆಶ್ಚರ್ಯಪಟ್ಟು, ಇದು ಪಾಶ್ಚಾತ್ಯರಲ್ಲಿ ಶಾಸ್ತ್ರವಾಗಿಯೇ ಬೆಳೆದಿದೆಯೆಂದು ಕೆಲವು ಲೇಖನಗಳನ್ನು ನನಗೆ ಓದಿ ಹೇಳಿದರು. ಅವುಗಳಲ್ಲಿ ಮೂರನ್ನು ನಿಮಗೂ ತಿಳಿಸುವೆನು.

ಮೇರಿ ಕವರ್ ಜೋನ್ಸ್ ಎಂಬ ವಿದುಷಿಯು ನ್ಯೂಯಾರ್ಕ್ ನಗರದಲ್ಲಿ ಮಕ್ಕಳ ಅಂಜಿಕೆಯನ್ನು ಪರೀಕ್ಷಿಸಿ 1924ರಲ್ಲಿ ಲೇಖನಗಳನ್ನು ಪ್ರಕಟಿಸಿದಳು. ಪೀಟರ್ ಎಂಬ ಹೆಸರಿನಿಂದ ಆಕೆ ಕರೆದ, ಮೂರು ವರ್ಷವೂ ತುಂಬದ ಗಂಡುಕೂಸಿಗೆ ಮೊಲವನ್ನು ಕಂಡರೆ ಆಗದು. ಮೊಲವಿರಲಿ, ತುಪ್ಪುಳಿನ ಬಟ್ಟೆಯನ್ನು ಕಂಡರೂ ಆಗದು. ಮೊಲಕ್ಕೆ ಹೆದರದ ಮೂರು ಮಕ್ಕಳನ್ನು ಆರಿಸಿ ಇವನೊಡನೆ ಪ್ರತಿದಿನವೂ ಆಟಕ್ಕೆ ಬಿಟ್ಟು, ಆ ಹೊತ್ತಿನಲ್ಲಿ ಮೊಲವನ್ನು ತಂದಿಡುವರು. ಮುಂದೆ ಅವನು ತನಗೆ ಪ್ರಿಯವಾದ ತಿಂಡಿಯನ್ನು ತಿನ್ನುತ್ತಿರುವಾಗ ಮೊಲದ ಪಂಜರವನ್ನು ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ತರುವರು. ಮೊದಲು 12 ಅಡಿ ದೂರದಲ್ಲಿದ್ದರೆ ತಾಳಿಕೊಂಡನು, ಆಮೇಲೆ 4 ಅಡಿಯಲ್ಲಿ. ಕಡೆಗೆ ಮೊಲವು ತನ್ನ ಬೆರಳುಗಳನ್ನು ಮೆಲ್ಲನೆ ಕಚ್ಚುತ್ತಿದ್ದರೂ ಆಡಿಸುತ್ತಿದ್ದನು. ನಡುವೆ ಅವನಿಗೆ ಜ್ವರ ಬಂದು ಸುಮಾರು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದನು. ಹೊರಟು ಬರುವಾಗ ಬಾಗಿಲಲ್ಲಿಯೇ ದೊಡ್ಡದೊಂದು ನಾಯಿ ಮೇಲೆ ಹಾರಿತು. ಜೊತೆಯಲ್ಲಿದ್ದ ದಾದಿಯೂ ಬೆದರಿದಳು. ಮಗುವು ಮತ್ತೆ ಮೊದಲಿನಂತಾಯಿತು. ಇದನ್ನು ಕೇಳಿದಾಗ ನನಗೆ ನಮ್ಮ ಮಠದ ಬೆಕ್ಕಿನ ನೆನಪಾಗದೆ ಇರಲಿಲ್ಲ.

ಅದೇ ವಿದುಷಿಯು ಅಂಜಿಕೆಯನ್ನು ಬಿಡಿಸಲು ಹಲವು ಉಪಾಯಗಳನ್ನು ಒಂದಾದಮೇಲೊಂದರಂತೆ ಪರೀಕ್ಷಿಸಿದಳು. ಅಂಜುವ ವಸ್ತುವನ್ನು ಕಣ್ಣಿಗೆ ಬೀಳಿಸದೆ ಸುಮ್ಮನೆ ಬಿಡುವುದು, ಮಾತಿನಿಂದ ತಿಳಿಯಹೇಳುವುದು, ಗದರುವುದು, ಅಣಕಿಸುವುದು, ಹೀಗೆ. ಪೂರ್ಣವಾಗಿ ಫಲಿಸಿದುವು ಎರಡೇ: ಅಂಜುವ ವಸ್ತುವನ್ನು ಪ್ರಿಯವಾದುದರೊಡನೆ ಮೆಲ್ಲಮೆಲ್ಲನೆ ಸೇರಿಸುವುದು, ಮತ್ತು ಅಂಜದ ಮಕ್ಕಳ ನಡುವೆ ಬಿಡುವುದು. ನಾನು ಹದಿನೈದು ದಿನ ಕೊಟ್ಟ ಔಷಧವು ಫಲಿಸದವುಗಳ ಪಟ್ಟಿಯಲ್ಲಿದ್ದಿತು. ಇನ್ನೊಂದು ಮಾತನ್ನೂ ಆಕೆ ಬರೆದಿರುವಳು. ಅಂಜದ ಮಗುವನ್ನು ಅಂಜಿ ಅಳುವ ಮಗುವಿನ ಜೊತೆಯಲ್ಲಿರಿಸಿದಾಗ ಒಂದೊಂದು ಸಲ ಅಂಜಿಕೆಯೇ ಅಂಟಿಕೊಂಡಿತು. ಸಹವಾಸವು ಎರಡು ಕಡೆಗೂ ಹರಿಯುವ ನೀರು.

ಎರಡನೆಯದು 1967ರದು. ಆಲ್ಬರ್ಟ್ ಬಂಡೂರ ಎಂಬ ವಿದ್ವಾಂಸನೂ ಅವನ ಜೊತೆಗಾರರೂ ನಾಯಿಗೆ ಹೆದರುವ ಮೂರರಿಂದ ಐದು ವರ್ಷದ ಮಕ್ಕಳನ್ನು ಕೂರಿಸಿ, ಹೆದರದ ಮಗುವೊಂದು ನಾಯಿಯೊಡನೆ ಆಡುವುದನ್ನು ನಾಲ್ಕು ದಿನಗಳಲ್ಲಿ ಎಂಟು ಸಲ ಸ್ವಲ್ಪ ಸ್ವಲ್ಪ ಹೊತ್ತು ತೋರಿಸಿದರು. ಪ್ರತಿಸಲವೂ ಆ ಮಗುವು ನಾಯಿಗೆ ಇನ್ನಷ್ಟು ಹತ್ತಿರವಾಗುವುದು. ನೋಡಿದ ಮಕ್ಕಳಲ್ಲಿ ಹೆಚ್ಚು ಮಂದಿಯ ಅಂಜಿಕೆ ಇಳಿಯಿತು. ತಿಂಗಳಾದ ಮೇಲೆ ನೋಡಿದರೂ ಮರಳಿರಲಿಲ್ಲ. ಇಲ್ಲಿ ಗುರುವಾದುದು ಒಂದು ಮಗು. ನಾವು ಗಡ್ಡಮೀಸೆಯವರು ಎಷ್ಟು ಧೈರ್ಯ ತೋರಿಸಿದರೂ, ಅದು ದೊಡ್ಡವರ ಧೈರ್ಯ, ನನ್ನದಲ್ಲ, ಎಂದು ಮಗುವು ದೂರವೇ ಇಡುವುದು.

ಮೂರನೆಯದನ್ನು ತಾಯಂದಿರು ಮನಸ್ಸಿಟ್ಟು ಕೇಳಬೇಕು. ಒಂದು ಎತ್ತರದ ಮೇಜಿನ ಮೇಲೆ ಗಾಜನ್ನು ಹಾಸಿ, ಅದರ ಒಂದು ಭಾಗದ ಕೆಳಗೆ ನೆಲವು ತಗ್ಗಾಗಿ ಕಾಣುವಂತೆ ಮಾಡುವರು. ಗಾಜಿರುವುದರಿಂದ ಬೀಳುವ ಅಪಾಯವಿಲ್ಲ; ಕೂಸಿನ ಕಣ್ಣಿಗೆ ಮಾತ್ರ ಹಳ್ಳ. 1985ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆ ತಗ್ಗನ್ನು ಸುಮಾರು 30 ಸೆಂಟಿಮೀಟರಿನಷ್ಟು ಇರಿಸಿ, ಒಂದು ವರ್ಷದ ಕೂಸುಗಳನ್ನು ಈಚೆಗೆ ಬಿಟ್ಟು, ತಾಯಿಯನ್ನು ಆಚೆಗೆ ನಿಲ್ಲಿಸಿದರು. ತಾಯಿಯು ಬಾಯಲ್ಲಿ ಏನೂ ಹೇಳಬಾರದು; ಮುಖದಲ್ಲಿ ಮಾತ್ರ ನಗುವನ್ನಾಗಲಿ ಭಯವನ್ನಾಗಲಿ ತೋರಿಸಬೇಕು. ಕೂಸು ಅಂಬೆಗಾಲಿಡುತ್ತಾ ಅಂಚಿಗೆ ಬಂದು, ತಗ್ಗನ್ನು ನೋಡಿ, ತಲೆಯೆತ್ತಿ ತಾಯಿಯ ಮುಖವನ್ನು ನೋಡುವುದು. ನಗುಮುಖವನ್ನು ಕಂಡ 19 ಕೂಸುಗಳಲ್ಲಿ 14 ದಾಟಿಬಂದುವು. ಭಯದ ಮುಖವನ್ನು ಕಂಡ 17ರಲ್ಲಿ ಒಂದೂ ದಾಟಲಿಲ್ಲ.

ಒಂದೂ ದಾಟಲಿಲ್ಲ! ಮಾತೇ ಬಾರದ ಕೂಸು ಲೋಕವನ್ನು ಓದುವುದು ತಾಯಿಯ ಮುಖದಲ್ಲಿ. ಹೀಗಿರುವಲ್ಲಿ ನಾವು ಮನೆಗಳಲ್ಲಿ ಮಾಡುವುದೇನು? ಊಟ ಮಾಡದಿದ್ದರೆ ಗುಮ್ಮ. ಮಲಗದಿದ್ದರೆ ಬುಡುಬುಡಿಕೆಯವನು ಜೋಳಿಗೆಯಲ್ಲಿ ಹಾಕಿಕೊಂಡು ಹೋಗುವನು. ಹಟ ಹಿಡಿದರೆ ಪೊಲೀಸಿನವನು. ಇದಾವುದೂ ಸಾಗದಿದ್ದರೆ, 'ಮಠಕ್ಕೆ ಬಿಟ್ಟುಬರುತ್ತೇನೆ, ಅಲ್ಲಿ ಸ್ವಾಮಿಗಳು ನೋಡಿಕೊಳ್ಳುತ್ತಾರೆ'. ಈ ಕಡೆಯ ಮಾತನ್ನು ಕೇಳಿ ಬೆಳೆದ ಮಕ್ಕಳು ಇಲ್ಲಿ ಬಂದು ಶ್ರೀಗಳವರ ಪಾದ ಮುಟ್ಟುವಾಗ ನಡುಗುವುದನ್ನು ನಾನು ಕಣ್ಣಾರೆ ಕಂಡಿರುವೆನು. ಅದನ್ನು ಭಕ್ತಿಯೆಂದು ತಿಳಿದು ಹೆತ್ತವರು ಸಂತೋಷಪಡುವರು.

ಹರಿಹರ ಕವಿಯು ಹೇಳಿದ ಕೋಳೂರು ಕೊಡಗೂಸಿನ ಕಥೆ ನಿಮಗೆಲ್ಲರಿಗೂ ಗೊತ್ತಿರುವುದಷ್ಟೆ. ಅದನ್ನು ಮುಗ್ಧಭಕ್ತಿಗೆ ನಿದರ್ಶನವಾಗಿ ಪುರಾಣಿಕರು ಹೇಳುವರು, ಅದು ಸರಿಯೇ. ಆದರೆ ಮಕ್ಕಳ ಕಡೆಯಿಂದ ಆ ಕಥೆಯನ್ನು ಇನ್ನೊಮ್ಮೆ ಕೇಳಬೇಕೆಂದು ನನ್ನ ಬಿನ್ನಹ. ಆ ಹುಡುಗಿಗೆ ಲಿಂಗದ ಅಂಜಿಕೆ ಇರಲೇ ಇಲ್ಲ. ಹಾಲನ್ನು ದೇವರು ಕುಡಿಯದಿರಲು ಹೆತ್ತವರು ಏನೆನ್ನುವರೋ ಎಂಬುದೇ ಅವಳ ಅಂಜಿಕೆ. ಕಡೆಯಲ್ಲಿ ತಂದೆಯು ಮಗಳ ಮಾತನ್ನು ನಂಬದೆ ಮುನಿದಾಗ ಅವಳು ಓಡಿಹೋದುದು ಲಿಂಗದ ಕಡೆಗೆ. ತಂದೆಯ ಕೈಗೆ ಉಳಿದುದು ಕೂದಲು.

ಈಜು ಕಲಿಸುವ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಎರಡು ಪಂಥಗಳುಂಟು. ಹುಡುಗನನ್ನು ಎತ್ತಿ ಬಾವಿಗೆ ಒಗೆದರೆ ಈಜು ತಾನೇ ಬರುವುದೆಂಬುದು ಒಂದು. ಬರುವುದೂ ಉಂಟು. ಹಾಗೆ ಒಗೆಸಿಕೊಂಡವರಲ್ಲಿ ಐವತ್ತು ವರ್ಷವಾದರೂ ಬಾವಿಯ ಕಟ್ಟೆಗೆ ಹೋಗದವರನ್ನೂ ನಾನು ಬಲ್ಲೆನು. ಅಂತಹವನೊಬ್ಬನು ಈಗ ನಿಮ್ಮೆದುರಿಗೆ ಮಾತನಾಡುತ್ತಿರುವನು. ಸೋರೆಯ ಒಣಬುರುಡೆಯನ್ನು ಬೆನ್ನಿಗೆ ಕಟ್ಟಿ, ಈಜು ಬಲ್ಲ ಹುಡುಗರು ನಾಲ್ಕು ಜನ ನೀರಿನಲ್ಲಿದ್ದುಕೊಂಡು 'ಬಾರೋ, ನಾವಿದ್ದೇವೆ' ಎಂದು ಕರೆಯುವುದು ಇನ್ನೊಂದು. ಬುರುಡೆಯನ್ನು ಬಿಚ್ಚುವ ದಿನವನ್ನು ಹುಡುಗನೇ ಹೇಳುವನು. ಇಲ್ಲಿ ಒಂದು ಎಚ್ಚರವೂ ಬೇಕು. ಎಲ್ಲ ಅಂಜಿಕೆಯೂ ಬಿಡಿಸತಕ್ಕುದಲ್ಲ. ಹಾವಿಗೆ, ಆಳವಾದ ನೀರಿಗೆ, ವಿದ್ಯುತ್ತಿನ ತಂತಿಗೆ, ಮೈಮುಟ್ಟಲು ಬರುವ ದುಷ್ಟನಿಗೆ ಮಗುವು ಅಂಜಬೇಕಾದುದೇ. ಒಬ್ಬ ದೊಡ್ಡವನ ಹತ್ತಿರ ಹೋಗಲಾರೆನೆಂದು ಮಗುವು ಹಟಮಾಡಿದರೆ, ಧೈರ್ಯ ಹೇಳಿ ದೂಡುವುದಕ್ಕೆ ಮೊದಲು ಏಕೆಂದು ಕೇಳಿರಿ.

ಆ ಹುಡುಗನು ಪಾಠಶಾಲೆಯಲ್ಲಿ ಇನ್ನೂ ಏಳು ವರ್ಷವಿದ್ದನು. ಮುಂದಿನ ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ ಲಾಟೀನನ್ನು ಹಿಡಿದು ಅವರನ್ನು ಕರೆದೊಯ್ಯುವ ಕೆಲಸವನ್ನು ತಾನೇ ಕೇಳಿ ತೆಗೆದುಕೊಂಡನು. ಕೆಲವು ವರ್ಷಗಳ ಹಿಂದೆ ಜಾತ್ರೆಗೆ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದನು. ನನ್ನ ಕಾಲು ಮುಟ್ಟಿ, "ಇವರು ನನಗೆ ಅಮರ ಹೇಳಿಕೊಟ್ಟ ಗುರುಗಳು" ಎಂದು ಮಗಳಿಗೆ ತೋರಿಸಿದನು. ಹಾಸಿಗೆಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಎತ್ತಬೇಕಾಗಿತ್ತು. ಬಾಯವರೆಗೆ ಬಂದ ಮಾತು ಅಲ್ಲಿಯೇ ನಿಂತಿತು. ಅದೂ ಒಂದು ಬಗೆಯ ಅಂಜಿಕೆಯೇ ಸರಿ. ಅದನ್ನು ಬಿಡಿಸಲು ನನ್ನ ಕೈಹಿಡಿಯುವ ದೊಡ್ಡ ಹುಡುಗರು ಯಾರೂ ಆಗ ಹತ್ತಿರದಲ್ಲಿರಲಿಲ್ಲ.

ಕಡೆಯದಾಗಿ ಒಂದು ಬಿನ್ನಹ. ನಿಲಯದ ಹಿಂದಿನ ಆ ಹಾದಿಗೆ ಈಗ ರಾತ್ರಿಯೆಲ್ಲಾ ಉರಿಯುವ ದೀಪಗಳಿರುವುವು. ಶೌಚಗೃಹವೂ ಕಟ್ಟಡದ ಒಳಕ್ಕೇ ಬಂದಿರುವುದು. ಆದರೆ ಮಕ್ಕಳು ತಮ್ಮ ಕತ್ತಲೆಯನ್ನು ಊರಿನಿಂದಲೇ ಕಟ್ಟಿಕೊಂಡು ಬರುವರು. ಮಗುವನ್ನು ಸೇರಿಸಲು ಬಂದಾಗ ನಾವು ಹೆಸರು, ಊರು, ಹುಟ್ಟಿದ ದಿನ ಇವನ್ನು ಬರೆದುಕೊಳ್ಳುವೆವು. ಈ ವರ್ಷದಿಂದ ಆ ಪುಸ್ತಕದಲ್ಲಿ ಇನ್ನೊಂದು ಮನೆಯನ್ನು ಗೆರೆಯೆಳೆದು ಇಟ್ಟಿರುವೆನು: ಈ ಮಗುವು ಯಾವುದಕ್ಕೆ ಅಂಜುವುದು? 'ನಮ್ಮ ಹುಡುಗ ಯಾವುದಕ್ಕೂ ಹೆದರುವವನಲ್ಲ' ಎಂದು ದಯವಿಟ್ಟು ಬರೆಸಬೇಡಿರಿ. ಮಗುವನ್ನು ಒಂದು ಕ್ಷಣ ಆಚೆಗೆ ಕಳುಹಿಸಿ, ನನ್ನ ಕಿವಿಯಲ್ಲಿ ಹೇಳಿದರೂ ಸಾಕು. ಅದನ್ನು ಬರೆದಿಟ್ಟುಕೊಂಡು, ಆ ಮಗುವಿನ ಹಾಸಿಗೆಯ ಪಕ್ಕದಲ್ಲಿ ಯಾವ ಹುಡುಗನ ಹಾಸಿಗೆಯನ್ನು ಹಾಕಿಸಬೇಕೆಂಬುದನ್ನು ನಾನು ನೋಡಿಕೊಳ್ಳುವೆನು.